ಕುಲಾವಿ ಯಾವ ಮೊಳೆಗೆ?

ಅಕ್ಟೋಬರ್ 3, ಶುಕ್ರವಾರ. ಬೆಳಗ್ಗೆ 7.10

ಹಾಲು ಕರೆದದ್ದಾಯಿತು. ಹಸು ಇವತ್ತೂ ಬಕೆಟ್ಟಿಗೆ ಒದೆಯಿತು. ನಮ್ಮ ಮುದುಕ ಒಲೆಗೆ ಕಲ್ಲಿದ್ದಲು ಸುರಿದು, ಮನೆ ತುಂಬ ಹೊಗೆ ಮಾಡಿ, ಕುದುರೆ ನೋಡಲು ಹೋದ. ಲಾಯದಲ್ಲಿ ಈಗ ಇರುವುದು ಒಂದೇ ಕುದುರೆ. ಎರಡಿದ್ದಾಗಲೂ ಇಷ್ಟು ಹೊತ್ತು ಅಲ್ಲಿ ಕೂರುತ್ತಿರಲಿಲ್ಲ.

ಮೊಮ್ಮಗಳು ಸೈಕಾಲ್ ಎಡಗಡೆ ಅಗಿಯುತ್ತಿಲ್ಲ. ನಿನ್ನೆ ಅನುಮಾನ, ಇವತ್ತು ಖಾತ್ರಿ. ಕುರುತ್ ಉಂಡೆ — ಒಣಮೊಸರಿನ ಆ ಕಲ್ಲನ್ನು ಕಟಕಟ ಕಡಿಯುವ ಹುಡುಗಿ — ಬಾಯಿಗಿಟ್ಟು, ಹೊರಗೆ ತೆಗೆದು, ಸದ್ದಿಲ್ಲದೆ ಜೇಬಿಗೆ ಇಳಿಸಿದಳು. ಬಾಯಿ ತೆಗಿ ಎಂದೆ. ತುಟಿ ಬಿಗಿದಳು. ಚಮಚ ತಂದೆ. ಮೇಜಿನ ಕೆಳಗೆ ನುಗ್ಗಿದಳು. ಐದು ವರ್ಷದ ಮಗು, ನನಗಿಂತ ಚುರುಕು.

ತಲೆಯ ಮೇಲೆ ಅದೇ ಕೆಂಪು ಕುಲಾವಿ. ಆಗಸ್ಟಿನಿಂದ ಇಳಿದಿಲ್ಲ. ಮಲಗುವಾಗಲೂ ಬೇಕು. ಸ್ನಾನದ ದಿನ ಒಂದು ಯುದ್ಧ. ಹೆಣೆದುಕೊಟ್ಟವಳು ನಾನೇ, ಯಾರನ್ನು ಬೈಯಲಿ.

ಸಂಜೆ 6.30

ಮೂವತ್ತೊಂದು ವರ್ಷ ಅಂಚೆಕಚೇರಿಯಲ್ಲಿ ಮುದ್ರೆ ಒತ್ತಿದ ಕೈ. ತಾರೀಖು, ಗಂಟೆ ಬರೆಯದೆ ಇದಕ್ಕೆ ಸಮಾಧಾನವಿಲ್ಲ.

ಕರಾಕೋಲ್ ಪಟ್ಟಣದಿಂದ ಸೊಸೆ ಫೋನ್ ಮಾಡಿದಳು. ಚೊಲ್ಪೊನ್ ಒಳ್ಳೆಯವಳು. ಮೊದಲ ಮೊಮ್ಮಗು ಅಜ್ಜ ಅಜ್ಜಿಯರದು ಎಂಬ ನಮ್ಮವರ ಪದ್ಧತಿಗೆ ತಲೆಬಾಗಿ, ನಲವತ್ತು ದಿನದ ಸೈಕಾಲ್‌ಳನ್ನು ತಂದು ನನ್ನ ಮಡಿಲಿಗೆ ಹಾಕಿದವಳು. ಹೆತ್ತವರನ್ನೇ ಮಗು ಎಮಿಲಣ್ಣ, ಚೊಲ್ಪೊನಕ್ಕ ಅನ್ನುತ್ತದೆ. ಅಪಾ, ಅಂದರೆ ಅಮ್ಮ, ನಾನು. ಅತಾ, ಅಂದರೆ ಅಪ್ಪ, ಮುದುಕ.

"ಅಪಾ, ಹದಿನೇಳಕ್ಕೆ ಹಲ್ಲಿನ ಡಾಕ್ಟರ್ ಹತ್ರ ಟೈಮ್ ತಗೊಂಡೆ. ಜಿಬೆಕ್ ಅಂತ. ಮಕ್ಕಳನ್ನೇ ನೋಡೋದು."

"ನಂಗೇ ಬಾಯಿ ತೋರಿಸ್ತಿಲ್ಲ ಕಣಮ್ಮ. ಅವರಿಗೆ ತೋರಿಸ್ತಾಳಾ?"

"ತೋರಿಸದಿದ್ರೆ ಬಿಷ್ಕೆಕ್‌ಗೆ ಕರ್ಕೊಂಡ್ಹೋಗಿ, ಪ್ರಜ್ಞೆ ತಪ್ಪಿಸೋ ಇಂಜೆಕ್ಷನ್ ಕೊಟ್ಟು ತೆಗೆಸ್ಬೇಕು. ಸರದಿ ಬರೋಕೆ ತಿಂಗಳುಗಟ್ಲೆ ಆಗುತ್ತಂತೆ. ಅಲ್ಲೀತನಕ ನಮ್ಮ ಹತ್ರಾನೇ ಇರ್ಲಿ ಅಪಾ. ಈ ಚಳಿಗಾಲ."

ಮೆಲ್ಲಗೆ ಹೇಳಿದಳು. ಮೆಲ್ಲಗೆ ಹೇಳಿದ್ದಕ್ಕೇ ಹೆಚ್ಚು ಚುಚ್ಚಿತು. ಚಹಾದ ಜೊತೆ ಕಲ್ಲುಸಕ್ಕರೆ ಚೀಪಲು ಕಲಿಸಿದವಳು ನಾನು. ಅದು ಅವಳಿಗೂ ಗೊತ್ತು.

ಹದಿನಾಲ್ಕು ದಿನ ಇದೆ. ಬಾಯಿ ತೆರೆಸುತ್ತೇನೆ.

ಅಕ್ಟೋಬರ್ 4, ಶನಿವಾರ. ಮಧ್ಯಾಹ್ನ

ತಯಾರಿ ಶುರು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪಾಠ ಹೇಳುವ ಟೀಚರಮ್ಮನ ಹಾಗೆ ಹೇಳಿದೆ.

"ಏನೂ ಮಾಡಲ್ಲ ಕಣೇ. ಪಟ್ಟಣಕ್ಕೆ ಹೋಗ್ತೀವಿ. ಡಾಕ್ಟರಮ್ಮ ಬಾಯಿ ತೆಗೆಸಿ ಹಲ್ಲು ಎಣಿಸ್ತಾಳೆ. ಎಷ್ಟು ವಯಸ್ಸು ಅಂತ ಹಲ್ಲು ನೋಡಿನೇ ಹೇಳ್ಬಿಡ್ತಾಳೆ! ಆಮೇಲೆ ಚೊಲ್ಪೊನಕ್ಕನ ಮನೆ."

ಸೈಕಾಲ್ ನನ್ನ ತೋಳು ಹಿಡಿದು ಕೇಳಿದಳು. "ಅತಾನೂ ಬರ್ತಾರಾ?"

"ಬರದೆ?"

"ಅತಾ ಡಾಕ್ಟರ್ ಹತ್ರ ಕೈ ಕುಲುಕ್ತಾರಾ?"

"ಓಹೋ! ಜೋರಾಗಿ ಕುಲುಕ್ತಾರೆ!"

ಮಗುವಿನ ಮುಖ ಸಣ್ಣಗಾಯಿತು. ಕುಲಾವಿಯನ್ನು ಹುಬ್ಬಿನ ತನಕ ಎಳೆದುಕೊಂಡಳು. ಯಾಕೆಂದು ತಿಳಿಯಲಿಲ್ಲ. ಧೈರ್ಯ ತುಂಬೋಣವೆಂದು ನನ್ನ ಮೂರು ಚಿನ್ನದ ಹಲ್ಲು ತೋರಿಸಿ, ನಾನು ಹುಡುಗಿಯಾಗಿದ್ದಾಗ ಕಾಲಲ್ಲಿ ತುಳಿಯುವ ಯಂತ್ರದಿಂದ ಹಲ್ಲು ಕೊರೆದರೂ ಅಳಲಿಲ್ಲ ಎಂದು ಹೇಳಲು ಹೊರಟೆ. ಇಬ್ಬರು ನರ್ಸುಗಳು ಕೈಕಾಲು ಹಿಡಿದುಕೊಂಡಿದ್ದ ಭಾಗಕ್ಕೆ ಬಂದಾಗ ಮುದುಕ ಬಾಗಿಲಲ್ಲಿ ಕೆಮ್ಮಿದ.

"ಏ ಮುದುಕಿ, ಇದು ಧೈರ್ಯ ಹೇಳೋ ರೀತೀನಾ? ಹೀಗೆ ಹೇಳಿದ್ರೆ ನಾನೇ ಓಡಿಹೋಗ್ತೀನಿ."

"ಹಾಗಾದ್ರೆ ನೀವೇ ಹೇಳಿ, ನೋಡೋಣ."

"ನಾಳೆ ನೋಡ್ತಿರು. ಜೀವಮಾನವೆಲ್ಲ ಕುದುರೆ ಬಾಯಿ ತೆಗೆಸಿದೋನು ನಾನು."

ಅಕ್ಟೋಬರ್ 5, ಭಾನುವಾರ

ನನ್ನ ಗಂಡ ತುರ್ದಾಕುನ್ ಮಹಾಶಯರ ಪಾಠ ಮುಗಿಯಿತು. ಲಾಯಕ್ಕೆ ಕರೆದೊಯ್ದು, ಉಳಿದಿರುವ ಕುದುರೆಯ ಮೇಲ್ದುಟಿ ಎತ್ತಿ, "ನೋಡು ಮಗಳೇ, ಬಾಯಿ ತೆಗೆದ್ರೆ ಏನಾಯ್ತು? ಏನೂ ಇಲ್ಲ!" ಅಂದನಂತೆ.

ಸೈಕಾಲ್ ಕಿರುಚಿದ ಸದ್ದಿಗೆ ಪಕ್ಕದ ಮನೆ ಮುಕಾಶ್ ಬೇಲಿ ಹಾರಿ ಬಂದ. ಎಪ್ಪತ್ತರ ಮುದುಕ, ಬೇಲಿ ಹಾರಿ! ಮಗು ಹುಲ್ಲಿನ ಮೆದೆಯೊಳಗೆ ಸೇರಿಕೊಂಡಿತು. ಎರಡು ಗಂಟೆ. ಕೊನೆಗೆ ನಾಯಿ ಅಕ್ತೋಶ್ ಮೂಸಿ ಹುಡುಕಿತು.

ಮುದುಕ ಊಟ ಮಾಡಲಿಲ್ಲ. ಗೇಲಿ ಮಾಡಬೇಕೆಂದಿದ್ದೆ, ಮುಖ ನೋಡಿ ಬಿಟ್ಟೆ.

ಅಕ್ಟೋಬರ್ 10, ಶುಕ್ರವಾರ

ನಾಲ್ಕು ದಿನ ಬರೆದಿಲ್ಲ. ಬರೆಯುವಂಥದ್ದೂ ಇರಲಿಲ್ಲ. ಹೊಸ ಬ್ರಷ್ — ಬೇಡ. ಕನ್ನಡಿ ಹಿಡಿದು ಹಲ್ಲು ಎಣಿಸುವ ಆಟ — ಬೇಡ. ಗೊಂಬೆಯ ಬಾಯಿಗೂ ಬಟ್ಟೆ ಸುತ್ತಿಟ್ಟಿದ್ದಾಳೆ.

ಇವತ್ತು ಕೆನ್ನೆ ಊದಿದೆ. ಆರೋಗ್ಯ ಕೇಂದ್ರದ ಗುಲ್ಬಾರಾ ಹೊರಗಿನಿಂದಲೇ ಮುಟ್ಟಿ ನೋಡಿ ಔಷಧಿ ಕೊಟ್ಟಳು. ಊತ ಇಳಿಯುತ್ತದಂತೆ. "ಆದ್ರೆ ಹಲ್ಲು ಹಾಗೇ ಇರುತ್ತಲ್ಲ ಅಕ್ಕಾ. ಹದಿನೇಳು ಮಾತ್ರ ತಪ್ಪಿಸ್ಬೇಡಿ."

ಮಗು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಒಂದೇ ಕಡೆ ಅಗಿಯುತ್ತದೆ. ನೋವಾ ಎಂದರೆ ಇಲ್ಲ ಅನ್ನುತ್ತದೆ. ಕಣ್ಣಲ್ಲಿ ನೀರು. ನಾನು ಒಲೆಯ ಕಡೆ ತಿರುಗಿ ಅತ್ತೆ.

ಅಕ್ಟೋಬರ್ 12, ಭಾನುವಾರ. ಬೆಳಗ್ಗೆ 9

ಗೊತ್ತಾಯಿತು. ಈಗಲೇ ಬರೆದಿಡುತ್ತೇನೆ.

ಊತ ಇಳಿದಿದೆ. ಬೆಳಗ್ಗೆ ಎದ್ದವಳೇ ಗಂಟು ಕಟ್ಟುತ್ತಿದ್ದಳು. ತನ್ನ ಬಟ್ಟಲು, ಉಣ್ಣೆಯ ಕಾಲುಚೀಲ, ಗೊಂಬೆ. ಎಲ್ಲಿಗಮ್ಮಾ ಎಂದೆ. ಬಾಗಿಲ ಪಕ್ಕದ ಗೋಡೆಯ ಹತ್ತಿರ ಹೋಗಿ ನಿಂತು ಮೇಲೆ ನೋಡಿದಳು. ಅಲ್ಲಿ ಮೊಳೆಯಲ್ಲಿ ಜೇರ್ದೆಯ ತಲೆಹಗ್ಗ ತೂಗುತ್ತಿದೆ.

"ಅಪಾ, ನನ್ನ ಕುಲಾವಿ ಯಾವ ಮೊಳೆಗೆ ನೇತುಹಾಕ್ತೀಯ?"

ಅಷ್ಟೇ ಕೇಳಿದ್ದು. ನನಗೆ ಎಲ್ಲ ಒಟ್ಟಿಗೆ ಹೊಳೆಯಿತು.

ಜೇರ್ದೆ ನಮ್ಮ ಕೆಂಗಂದು ಹೆಣ್ಣುಕುದುರೆ. ಆಗಸ್ಟಿನಲ್ಲಿ ಮಾರಿದೆವು. ಹುಲ್ಲು ಎರಡು ಕುದುರೆಗೆ ಸಾಲುತ್ತಿರಲಿಲ್ಲ. ಮಗು ಮುದುಕನ ಹೆಗಲ ಮೇಲೆ ಕೂತು ಜಾನುವಾರು ಸಂತೆಗೆ ಹೋಗಿತ್ತು. ಯಾರೋ ಬಂದ, ಜೇರ್ದೆಯ ಬಾಯಿ ತೆಗೆಸಿದ, ಹಲ್ಲು ನೋಡಿದ, ಎಂಟು ವರ್ಷ ಎಂದ, ಮುದುಕನ ಕೈ ಕುಲುಕಿದ. ಮನೆಯ ಭಾಗ್ಯ ಹಿಂದೆ ಹೋಗಬಾರದೆಂದು ಮುದುಕ ತಲೆಹಗ್ಗ ಬಿಚ್ಚಿ ಇಟ್ಟುಕೊಂಡ. ಎಲ್ಲರೂ ಹಾಗೇ ಮಾಡುವುದು. ಕೊಂಡವನು ಹೊಸ ಹಗ್ಗ ಕಟ್ಟಿ ಎಳೆದುಕೊಂಡು ಹೋದ.

ನಾನು ಮಗುವಿಗೆ ಏನು ಹೇಳಿದ್ದೆ? ಪಟ್ಟಣಕ್ಕೆ ಹೋಗ್ತೀವಿ, ಬಾಯಿ ತೆಗೆಸ್ತಾಳೆ, ಹಲ್ಲು ನೋಡಿ ವಯಸ್ಸು ಹೇಳ್ತಾಳೆ, ಅತಾ ಕೈ ಕುಲುಕ್ತಾರೆ, ಆಮೇಲೆ ಚೊಲ್ಪೊನಕ್ಕನ ಮನೆ.

ಎರಡು ತಿಂಗಳಿಂದ ಕುಲಾವಿ ಯಾಕೆ ತೆಗೆಯುತ್ತಿಲ್ಲ ಎಂದು ಬೈಯುತ್ತಿದ್ದೆ. ನನ್ನ ಬಾಯಿಗಿಷ್ಟು!

ಅಕ್ಟೋಬರ್ 12. ಮಧ್ಯಾಹ್ನ 3

ಮುದುಕ ಮಗುವಿನ ಮುಂದೆ ಮೊಣಕಾಲೂರಿ ಕೂತ. "ಮಕ್ಕಳನ್ನ ಯಾರೂ ಮಾರಲ್ಲ ಮಗಳೇ. ನಿನ್ನನ್ನಂತೂ ಈ ಲೋಕಾನೇ ಕೊಟ್ರೂ ಇಲ್ಲ."

"ಜೇರ್ದೇನೂ ಮಾರಲ್ಲ ಅಂದಿದ್ರಿ."

ಅಂದಿದ್ದು ನಿಜ. ಮುದುಕನ ಮೀಸೆ ಅದುರಿತು. "ತಪ್ಪಾಯ್ತು," ಎಂದ. ನಲವತ್ತು ವರ್ಷದ ಸಂಸಾರದಲ್ಲಿ ಆ ಮಾತು ಅವನ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಆದರೆ ಮಗು ಗಂಟು ಬಿಚ್ಚಲಿಲ್ಲ.

ಅಕ್ಟೋಬರ್ 13, ಸೋಮವಾರ. ಬೆಳಗ್ಗೆ 11

ಹಸು ಕರೆಯುವಾಗ ಹೊಳೆಯಿತು. ಸಂತೆಯಲ್ಲಿ ಹಲ್ಲು ನೋಡುವವರು ಯಾರು? ಕೊಳ್ಳುವವರು. ಬಾಯಿ ತೆಗೆಸುವವರಿಗೆ ಯಾವ ಭಯ? ಹಾಗಿದ್ದ ಮೇಲೆ ಸೈಕಾಲ್ ಕೊಳ್ಳುವವಳಾಗಲಿ!

ಹಾಲಿನ ಕೈಯಲ್ಲೇ ಜಿಬೆಕ್ ಡಾಕ್ಟರಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ.

"ಅಪಾ," ಅಂದಳು, "ನನ್ನನ್ನ ಕೊಂಡ್ಕೊಳ್ಳೋಕೆ ಬರ್ತಾಳೆ ಅಂತೀರಾ?"

"ಹ್ಞೂಂ ಕಣಮ್ಮ. ತಪ್ಪು ತಿಳೀಬೇಡ."

"ತಪ್ಪೇನು ಬಂತು, ಅವತ್ತು ಬೆಳಗ್ಗೆ ಚೆನ್ನಾಗಿ ಹಲ್ಲುಜ್ಜಿಕೊಂಡು ಬರ್ತೀನಿ." ನಗುತ್ತಿದ್ದಳು. ಚಿಕ್ಕ ವಯಸ್ಸು ಇರಬೇಕು. ನೋಡುವ ಮೊದಲೇ ಇಷ್ಟವಾದಳು.

ಸಂಜೆ

ಮೊದಲ ಮಾಲು ಮುದುಕ. ಅವನೇ ಮುಂದೆ ಬಂದ. "ಸೈಕಾಲ್, ಒಂದು ಮುದಿಕುದುರೆ ಇದೆ. ನೋಡ್ತೀಯಾ?"

ಮಗು ಬಹಳ ಹೊತ್ತು ಅನುಮಾನದಿಂದ ನೋಡಿತು. ಆಮೇಲೆ ಹತ್ತಿರ ಬಂದು, ಥೇಟ್ ಅವನ ಹಾಗೆಯೇ ಹೆಬ್ಬೆರಳಲ್ಲಿ ಮೇಲ್ದುಟಿ ಎತ್ತಿ, ತಲೆ ಓರೆ ಮಾಡಿ, "ಹ್ಮ್" ಎಂದಿತು.

"ಹಲ್ಲೇ ಇಲ್ಲ ಇದಕ್ಕೆ."

"ಅರ್ಧ ಇದೆಯಲ್ಲಮ್ಮ!"

"ನಾಲ್ಕು ವರ್ಷ. ಒದೆಯುತ್ತಾ?"

"ಮುದುಕಿ ಕಂಡ್ರೆ ಮಾತ್ರ."

ಕೈ ಕುಲುಕಿದರು. ತಕ್ಷಣ ಅಪ್ಪಣೆಯಾಯಿತು: ಟೋಪಿ ತೆಗಿ! ತಲೆಹಗ್ಗ ಹಳೆಯ ಮನೆಯಲ್ಲೇ ಉಳಿಯಬೇಕಲ್ಲ. ಮುದುಕ ತನ್ನ ಬಿಳಿ ಕಲ್ಪಕ್ ಅನ್ನು ಯಾರ ಮುಂದೆಯೂ ತೆಗೆದವನಲ್ಲ. ಅಧಿಕಾರಿಗಳು ಬಂದಾಗಲೂ ಇಲ್ಲ. ಇವತ್ತು ತೆಗೆದು ಮೊಳೆಗೆ ಹಾಕಿದ. ಬೋಳುತಲೆ ಮಿಂಚಿತು. ಹೊಸ ಹಗ್ಗವೆಂದು ಕುಲಾವಿ ಹೆಣೆದು ಉಳಿದಿದ್ದ ಕೆಂಪು ಉಣ್ಣೆಯ ಎಳೆಯನ್ನು ಮಗು ಅವನ ಮಣಿಕಟ್ಟಿಗೆ ಕಟ್ಟಿತು. ಆಮೇಲೆ ನಕ್ಕಿತು. ಹತ್ತು ದಿನದ ಮೇಲೆ ಮೊದಲ ನಗು. ಬಾಯಿ ಮುಚ್ಚಿಕೊಂಡೇ, ಆದರೂ ನಗು.

ಅಕ್ಟೋಬರ್ 15, ಬುಧವಾರ

ವ್ಯಾಪಾರ ಬೀದಿಗೆ ಇಳಿದಿದೆ. ಮುಕಾಶ್‌ನನ್ನು ಕೊಂಡಳು — ಆರು ವರ್ಷ, ಕುಂಟು, ಆದರೆ ಬೇಲಿ ಹಾರುತ್ತಾನೆ. ಅಂಗಡಿಯ ಶೈರ್‌ಗುಲ್‌ಳನ್ನು ಕೊಂಡಳು — ಬಾಯಿ ವಾಸನೆ, ಈರುಳ್ಳಿ ಬಿಡಬೇಕು. ಶೈರ್‌ಗುಲ್ ತಲೆವಸ್ತ್ರ ಬಿಚ್ಚಿಟ್ಟು, ಕೆಂಪು ದಾರ ಕಟ್ಟಿಸಿಕೊಂಡು, ನಗುತ್ತಾ ಮನೆಗೆ ಹೋದಳು. ಗುಲ್ಬಾರಾಳ ಹಲ್ಲು ಬಹಳ ಚೆನ್ನಾಗಿದೆಯಂತೆ. ಅಕ್ತೋಶ್ ಕೂಡ ಮಾರಾಟವಾಯಿತು, ಎರಡು ಸಲ.

ಬೀದಿಯಲ್ಲಿ ಮುದುಕರೆಲ್ಲ ಬರಿತಲೆಯಲ್ಲಿ ತಿರುಗುತ್ತಿದ್ದಾರೆ. ಬೆಟ್ಟದ ಮೇಲೆ ಹಿಮ ಬಿದ್ದಿದೆ. ಮುಕಾಶ್‌ನ ಹೆಂಡತಿ ಬಂದು ಜಗಳ ತೆಗೆದಳು. "ನಿನ್ನ ಮೊಮ್ಮಗಳಿಂದ ನನ್ನ ಗಂಡಂಗೆ ನೆಗಡಿ!"

"ಈಗ ಅವನು ನಮ್ಮ ಮಾಲು. ಔಷಧಿ ನಾವೇ ಕುಡಿಸ್ತೀವಿ ಬಿಡು" ಎಂದೆ.

ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ನನ್ನನ್ನು ಇನ್ನೂ ಕೊಂಡಿಲ್ಲ. ಎರಡು ಸಲ ಪಕ್ಕದಲ್ಲಿ ಹೋಗಿ ಬಾಯಿ ತೆರೆದು ನಿಂತೆ. ಚಿನ್ನದ ಹಲ್ಲು ಬೇರೆ! ದಾಟಿಕೊಂಡು ಹೋದಳು. ಸಿಟ್ಟಿರಬೇಕು. ಡಾಕ್ಟರಮ್ಮ ಹಲ್ಲು ನೋಡಿ ವಯಸ್ಸು ಹೇಳ್ತಾಳೆ ಎಂದು ಹೆದರಿಸಿದವಳು ನಾನೇ ಅಲ್ಲವೇ.

ಅಕ್ಟೋಬರ್ 16, ಗುರುವಾರ

ಗಂಟು ಬಿಚ್ಚಿದ್ದಾಳೆ. ಬಟ್ಟಲು ಅದರ ಜಾಗಕ್ಕೆ ಬಂತು. ಕುಲಾವಿ ಮಾತ್ರ ತಲೆಯ ಮೇಲೆ.

ನಾಳೆ. ತನ್ನ ಬಾಯಿ ಇನ್ನೂ ಯಾರಿಗೂ ತೋರಿಸಿಲ್ಲ. ಇನ್ನೊಬ್ಬರ ಬಾಯಿ ನೋಡುವುದೇ ಬೇರೆ, ತನ್ನದು ತೆರೆಯುವುದೇ ಬೇರೆ. ಇದು ಬರೀ ಆಟವಾಗಿ ಉಳಿದರೆ? ಎಮಿಲ್ ಮನೆಯಲ್ಲಿ ಹಾಸಿಗೆ ತಯಾರಿದೆಯಂತೆ.

ಅಕ್ಟೋಬರ್ 17, ಶುಕ್ರವಾರ. 10.40, ಆಸ್ಪತ್ರೆಯ ಬೆಂಚು

ಮೊಣಕಾಲ ಮೇಲೆ ಇಟ್ಟು ಬರೆಯುತ್ತಿದ್ದೇನೆ. ದಾರಿಯಲ್ಲಿ ವ್ಯಾನಿನ ಡ್ರೈವರ್ ಕೂಡ ಮಾರಾಟ. ಅವನ ಕೈಗೆ ಕಟ್ಟಿದ್ದೇ ಕೊನೆಯ ಎಳೆ, ಉಣ್ಣೆ ಮುಗಿಯಿತು. ಡಾಕ್ಟರಿಗೆ ಏನು ಕಟ್ಟುತ್ತಾಳೆ? ಜೇಬೆಲ್ಲ ತಡಕಿದೆ. ಇಲ್ಲ. ಮುದುಕ ಬೋಳುತಲೆ ಸವರಿಕೊಳ್ಳುತ್ತಾ ಅತ್ತಿಂದಿತ್ತ ಓಡಾಡುತ್ತಿದ್ದಾನೆ. ಚೊಲ್ಪೊನ್ ಬಂದು ಪಕ್ಕದಲ್ಲಿ ಕೂತಿದ್ದಾಳೆ, ನನ್ನ ಕೈ ಹಿಡಿದಿದ್ದಾಳೆ. ಒಳಗೆ ಯಾವುದೋ ಮಗು ಅಳುತ್ತಿದೆ. ಸೈಕಾಲ್ ಎರಡೂ ಕೈಯಲ್ಲಿ ತಲೆಯ ಮೇಲಿನ ಕುಲಾವಿ ಹಿಡಿದು ನಿಂತಿದ್ದಾಳೆ. ಕರೆದರು—

ಅದೇ ದಿನ. 4.15, ಮನೆ

ಗೆದ್ದೆವು!

ಎಲ್ಲ ಕ್ರಮವಾಗಿ ಬರೆಯಬೇಕು, ಒಂದೂ ಬಿಡಬಾರದು.

ಒಳಗೆ ಹೋದಾಗ ಡಾಕ್ಟರ್ ಜಿಬೆಕ್ ಆಗಲೇ ರೋಗಿಯ ಕುರ್ಚಿಯಲ್ಲಿ ಮಲಗಿದ್ದಳು. ತಾನೇ! ನೀಲಿ ಟೋಪಿ, ಕೈ ಎದೆಯ ಮೇಲೆ.

"ಬಾ ಸೈಕಾಲ್. ನೋಡು, ಮುಲಾಜು ಬೇಡ."

ಮಗು ಸ್ಟೂಲ್ ಹತ್ತಿತು. ಡಾಕ್ಟರ್ ಪುಟ್ಟ ಕನ್ನಡಿ ಕೊಟ್ಟಳು. ಮೇಲೆ, ಕೆಳಗೆ, ಒಂದೊಂದೇ ಹಲ್ಲು.

"ಇಲ್ಲೊಂದು ಬೇರೆ ಥರ ಇದೆ."

"ಅದು ತುಂಬಿಸಿದ್ದು. ನಂಗೂ ಹುಳುಕು ಆಗಿತ್ತು."

"ನೋವಾಯ್ತಾ?"

"ಆಯ್ತು. ಸ್ವಲ್ಪ ಅತ್ತೆ. ಆಮೇಲೆ ಹೋಯ್ತು."

ಏನೂ ಆಗಲ್ಲ ಎಂದು ಅವಳು ಹೇಳಲಿಲ್ಲ. ನಾವೆಲ್ಲ ಹೇಳಿದ್ದು ಅದನ್ನೇ.

ಸೈಕಾಲ್ ಕನ್ನಡಿ ಇಳಿಸಿದಳು. "ಏಳು ವರ್ಷ. ಕೆಲಸಕ್ಕೆ ಬರುತ್ತೆ. ತಗೋತೀನಿ."

ಕೈ ಕುಲುಕಿದರು. ಡಾಕ್ಟರ್ ಹೇಳಿಸಿಕೊಳ್ಳದೆಯೇ ನೀಲಿ ಟೋಪಿ ತೆಗೆದು ಗೋಡೆಯ ಕೊಕ್ಕೆಗೆ ಹಾಕಿದಳು. ಮಗು ಜೇಬಿಗೆ ಕೈ ಹಾಕಿತು. ಆ ಜೇಬು, ಈ ಜೇಬು. ದಾರ ಇಲ್ಲ. ನನ್ನ ಕಡೆ ನೋಡಿತು, ನಾನು ಬರಿಗೈ ತೋರಿಸಿದೆ. ಎಲ್ಲ ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಸೈಕಾಲ್ ಎರಡೂ ಕೈಯಿಂದ ತನ್ನ ಕುಲಾವಿ ತೆಗೆದಳು. ಎರಡು ತಿಂಗಳು ನಿದ್ದೆಯಲ್ಲೂ ಬಿಡದ ಕುಲಾವಿ. ಕೂದಲೆಲ್ಲ ಬೆವರಿಗೆ ಅಂಟಿಕೊಂಡಿತ್ತು. ಡಾಕ್ಟರ ತಲೆಗೆ ತೊಡಿಸಿದಳು. ಕಿವಿಯೂ ಮುಚ್ಚಲಿಲ್ಲ, ನೆತ್ತಿಯ ಮೇಲೆ ಕೂತಿತು.

"ಇದೂ ಅದೇ ಉಣ್ಣೆ," ಅಂದಳು. "ಈಗ ನೀನು ನಮ್ಮನೆಯೋಳು."

"ಹೌದು, ನಿಮ್ಮನೆಯೋಳು."

"ನಮ್ಮನೆಯೋರು ಹಲ್ಲು ನೋಡಿದ್ರೆ ಅದು ಮಾರಾಟ ಅಲ್ಲ. ಅಲ್ವಾ ಅತಾ?"

ಮುದುಕ ಅವಳ ತಲೆ ಸವರಿದ. "ಅಲ್ಲ ಮಗಳೇ. ಮನೆಯೋರು ನೋಡೋದು ನೋವು ಹೋಗ್ಲಿ ಅಂತ."

ಕುರ್ಚಿ ಹತ್ತಿದಳು. ಬಾಯಿ ತೆರೆದಳು. ಗುಹೆಯಷ್ಟು ದೊಡ್ಡದಾಗಿ, ಕಿರುನಾಲಿಗೆ ಕಾಣುವ ತನಕ! ಚೊಲ್ಪೊನ್ ನನ್ನ ಹೆಗಲಿಗೆ ಮುಖ ಒತ್ತಿ ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ. ನಾನಂತೂ ಎರಡೂ ಮಾಡಿದೆ.

ಕೆಳಗಿನ ದವಡೆಯ ಹಾಲುಹಲ್ಲು ಉಳಿಸುವ ಹಾಗಿರಲಿಲ್ಲ. ಇಂಜೆಕ್ಷನ್ ಚುಚ್ಚಿದಾಗ ಒಂದೇ ಸಲ "ಆ" ಎಂದಳು. ಕುಲಾವಿ ತೊಟ್ಟ ಡಾಕ್ಟರ್ ಹಲ್ಲು ಕಿತ್ತು ಅಂಗೈಗೆ ಇಟ್ಟಳು. ಸೈಕಾಲ್ ಹತ್ತಿಯನ್ನು ಕಚ್ಚಿಕೊಂಡೇ ಎಲ್ಲರಿಗೂ ಎತ್ತಿ ತೋರಿಸಿದಳು, ಕುದುರೆ ಪಂದ್ಯ ಗೆದ್ದವರ ಹಾಗೆ. ಹೊರಗಿನ ಬೆಂಚಿನಲ್ಲಿದ್ದವರೂ ಚಪ್ಪಾಳೆ ತಟ್ಟಿದರು. ಮೊದಲು ಅಳುತ್ತಿದ್ದ ಆ ಮಗು ಕೂಡ ಬಂದು ನೋಡಿತು.

ಬಾಗಿಲಲ್ಲಿ ಚೊಲ್ಪೊನ್ ಒಂದು ಡಬ್ಬಿ ಕೊಟ್ಟಳು. "ಅವಳಿಗೆ ಹಿಮದ ಬೂಟು ಅಪಾ. ಚಳಿಗಾಲಕ್ಕೆ ಅಂತ ನಮ್ಮನೇಲಿ ಇಟ್ಕೊಂಡಿದ್ದೆ. ನೀವೇ ತಗೊಂಡ್ಹೋಗಿ."

ನಾನು ಅವಳನ್ನು ತಬ್ಬಿಕೊಂಡೆ. ಚಹಾಕ್ಕೆ ಕಲ್ಲುಸಕ್ಕರೆ ಇನ್ನು ಮುಂದೆ ಹಬ್ಬಕ್ಕೆ ಮಾತ್ರ ಎಂದು ಅವಳ ಕಿವಿಯಲ್ಲಿ ಹೇಳಿದೆ.

ಮನೆಗೆ ಬಂದು ಹಲ್ಲನ್ನು ಕುರಿಯ ಕೊಬ್ಬಿನಲ್ಲಿ ಸುತ್ತಿ ಅಕ್ತೋಶ್‌ಗೆ ಹಾಕಿದೆವು, ಎಲ್ಲರೂ ಹಾಕುವ ಹಾಗೆ. ನಾಯಿಯ ಹಲ್ಲಿನಷ್ಟು ಗಟ್ಟಿ ಹಲ್ಲು ಬರಲಿ ಎಂದು. ಒಂದೇ ಗುಟುಕು.

ಅಕ್ಟೋಬರ್ 19, ಭಾನುವಾರ. ಬೆಳಗ್ಗೆ 8

ಬೀದಿಯ ಟೋಪಿಗಳೆಲ್ಲ ವಾಪಸ್ ತಲೆಗೆ ಏರಿವೆ, ಮುದುಕನದೊಂದು ಬಿಟ್ಟು. ಅವನು ಇನ್ನೂ ಮಾಲೇ. ಬುಧವಾರ ಜಿಬೆಕ್ ಹತ್ತಿರ ಅವನ ಹಲ್ಲಿಗೂ ಟೈಮ್ ಗೊತ್ತಾಗಿದೆ, ಯಜಮಾನಿಯ ಅಪ್ಪಣೆ. ಇವತ್ತಿನ ಅಪ್ಪಣೆ ಬೇರೆ: ಜೇರ್ದೆಯನ್ನು ನೋಡಿಕೊಂಡು ಬರಬೇಕು. ಕೊಂಡವನ ಊರು ಎರಡು ಗಂಟೆ ದಾರಿ. ಮುದುಕ ಬೇಗನೆ ಎದ್ದು, ಸೇಬು ತುಂಬಿಕೊಂಡು, ಬೋಳುತಲೆಯಲ್ಲೇ ಜೀನು ಕಟ್ಟುತ್ತಿದ್ದಾನೆ. ಶಿಳ್ಳೆ ಹಾಕುತ್ತಿದ್ದಾನೆ.

ಸೈಕಾಲ್‌ಳ ಕೂದಲು ಬಾಚುವಾಗ ತಡೆಯಲಾರದೆ ಕೇಳಿಬಿಟ್ಟೆ. "ಊರಿನೋರನ್ನೆಲ್ಲ ಕೊಂಡೆ. ಡ್ರೈವರನ್ನೂ ಬಿಡಲಿಲ್ಲ. ನನ್ನನ್ನ ಯಾಕೆ ಕೊಳ್ಳಲಿಲ್ಲ?"

ಕತ್ತು ತಿರುಗಿಸಿ, ದಡ್ಡಿಯನ್ನು ನೋಡುವ ಹಾಗೆ ನೋಡಿದಳು.

"ನೀನು ನಂದೇ ಅಲ್ವಾ ಅಪಾ? ನಮ್ದೇ ಆಗಿರೋದನ್ನ ಯಾರಾದ್ರೂ ಕೊಂಡ್ಕೊಳ್ತಾರಾ?"

ಬಾಚಣಿಗೆ ಕೈಯಲ್ಲೇ ಉಳಿಯಿತು. ಅವಳು ಅಂಗಳಕ್ಕೆ ಓಡಿಯಾಯಿತು. ಇದನ್ನು ಬರೆದಿಡಬೇಕೆಂದು ಕೂತೆ, ಅಕ್ಷರ ಕಾಣಿಸುತ್ತಿಲ್ಲ, ಕನ್ನಡಕ ಒರೆಸಿದರೂ... ಕೂಗುತ್ತಿದ್ದಾಳೆ. "ಅಪಾ! ಹೊಸ ಹಲ್ಲು ಬಂತಾ ನೋಡು ಬಾ!" ಎರಡೇ ದಿನಕ್ಕೆ ಎಲ್ಲಿಂದ ಬರಬೇಕು! ಕಿಟಕಿಯಲ್ಲಿ ಕಾಣುತ್ತಿದೆ: ಅಂಗಳದ ನಡುವೆ, ಈ ಚಳಿಯಲ್ಲಿ, ಬರಿತಲೆ, ಆಕಾಶಕ್ಕೆ ಬಾಯಿ ತೆರೆದು ನಿಂತಿದ್ದಾಳೆ. ಬಂದೆ ಕಣೇ, ಬಂ—